ತೊಗಲ ಮರಿ

ಸತ್ತವರ ಪಟ್ಟಿಯ ಹನ್ನೊಂದನೆಯ ಸಾಲಿನಲ್ಲಿ ವಿದ್ಯಾಳ ತಂದೆಯ ಹೆಸರಿತ್ತು. 'ಕುರುಬರ ಕಲ್ಲಪ್ಪನ ಮಗ ಮಾಲಿಂಗ, ಎಂಟು ತಿಂಗಳ ಕೂಸು, ಕಾಲರಾ.' ಅವಳು ತಲೆಯೆತ್ತಿದಳು. ಅರವತ್ತು ದಾಟಿದ ಆ ಕೂಸು ಪಡಸಾಲೆಯ ಕಂಬಕ್ಕೊರಗಿ, ಚಹಾವನ್ನು ಬಸಿಗೆ ಸುರಿದುಕೊಂಡು ಊದುತ್ತಿತ್ತು.

ಪುಸ್ತಕ ಹುಕ್ಕೇರಿಯ ಗ್ರಂಥಾಲಯದ್ದು. ಅಂಕಲಗಿ ಸುತ್ತಲಿನ ಹಳ್ಳಿಗಳ ಚರಿತ್ರೆಯನ್ನು ನಿವೃತ್ತ ಶಿಕ್ಷಕರೊಬ್ಬರು ಸಾವಿನ ದಾಖಲೆಗಳನ್ನೂ ಬಿಡದೆ ಬರೆದಿದ್ದರು. ಗೋಕಾಕದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ವಿದ್ಯಾ ತನ್ನ ಮನೆತನದ ವಂಶವೃಕ್ಷ ಬರೆಯಲು ಹೊರಟಿದ್ದಳು. ಅಂಕಲಗಿಯ ಈ ಮನೆಗೆ ಹೆಳವ ಕೇದಾರಿ ಬರುವ ದಿನವನ್ನೇ ನೋಡಿ ತಾನೂ ಬಂದಿದ್ದಳು. ಮನೆತನಗಳ ತಲೆಮಾರುಗಳನ್ನು ಬರೆದಿಟ್ಟು, ಅಂಗಳಕ್ಕೆ ಬಂದು ಓದಿ ಹೇಳುವುದು ಕೇದಾರಿಯ ಹಿರಿಯರಿಂದ ಬಂದ ಕಾಯಕ. ಅವನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದ. ಕೇದಾರಿ ಬೈಕಿನ ಮೇಲೆ ಬಂದಿದ್ದ. ಕೆಂಪು ಅರಿವೆಯಲ್ಲಿ ಸುತ್ತಿದ ಹೆಸರುಗಳ ಪುಸ್ತಕ, ಚೋಪಡಿ, ಮಾತ್ರ ಅದೇ.

"ಅಪ್ಪಾ, ಈ ಪುಸ್ತಕದ ಪ್ರಕಾರ ನೀ ಸತ್ತು ಅರವತ್ತೊಂದು ವರ್ಷ ಆತು."

"ಹಂಗಾದ್ರ ನಾಳಿಂದ ಕುರಿ ಕಾಯಾಕ ನೀನ ಹೋಗವಾ," ಮಾಲಿಂಗ ನಕ್ಕ. "ಸತ್ತಾಂವಗ ಯಾಕ ತ್ರಾಸು?"

ಕೇದಾರಿಯೂ ನಕ್ಕ. ನಗದೆ ಉಳಿದವಳು ಒಬ್ಬಳೇ: ಬಾಗಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದ ಶೆಟ್ಟೆವ್ವ, ಮಾಲಿಂಗನ ತಾಯಿ, ಎಂಬತ್ತನಾಲ್ಕರ ಮುದುಕಿ. ಅವಳ ಬೆರಳುಗಳು ಒಡೆಯದ ಕಾಯೊಂದರ ಮೇಲೆ ನಿಂತುಬಿಟ್ಟಿದ್ದವು.

"ಆ ಪುಸ್ತಕ ಮುಚ್ಚ, ವಿದ್ಯಾ. ಕೇದಾರಿ, ನೀನೂ ಕಟ್ಟು. ಇವತ್ತ ಓದೂದು ಬ್ಯಾಡ."

"ಯಾಕ, ಆಯಿ?"

"ಬ್ಯಾಡಂದ್ರ ಬ್ಯಾಡ."

"ಅರಿವಿ ಬಿಚ್ಚೇನಲ್ರಿ ಅವ್ವಾರ," ಕೇದಾರಿ ಸಂಕಟದಿಂದ ಹೇಳಿದ. "ಬಿಚ್ಚಿದ ಮ್ಯಾಲ ಕಡೀ ಹೆಸರಿನ ತನಕ ಓದಬೇಕ್ರಿ. ನಮ್ಮ ಪದ್ಧತಿ ನಿಮಗ ಗೊತ್ತ ಐತಿ."

ಅವನು ರಾಗವೆಳೆದು ಓದತೊಡಗಿದ. ಏಳು ತಲೆಮಾರು ದಾಟಿ ಕಲ್ಲಪ್ಪನಿಗೆ ಬಂದ. "ಕಲ್ಲಪ್ಪಗ ಶೆಟ್ಟೆವ್ವ, ಶೆಟ್ಟೆವ್ವಗ ಮಾಲಿಂಗ..." ಅಲ್ಲಿ ಒಂದು ಸಾಲನ್ನು ನುಂಗಿ ಮುಂದಕ್ಕೆ ಹಾರಿದ. ಹಿಂದಿನ ವರ್ಷಗಳಲ್ಲಿ ಹೀಗೆ ಹಾರಿದ್ದು ಯಾರಿಗೂ ತಿಳಿದಿರಲಿಲ್ಲ. ಇಂದು ಅವನ ಹೆಗಲ ಹಿಂದೆ ವಿದ್ಯಾ ಬಗ್ಗಿ ನಿಂತಿದ್ದಳು. ಮಾಲಿಂಗನ ಹೆಸರಿನ ಕೆಳಗೆ, ಮಾಸಿದ ಶಾಯಿಯಲ್ಲಿ, ಸಣ್ಣ ಅಕ್ಷರಗಳು: 'ತೊಗಲ ಮರಿ. ಮೂಡಲಗಿ ಹಾದಿ.'

"ತೊಗಲ ಮರಿ ಅಂದ್ರ ನಮ್ಮ ಬೆಡಗೇನ್ರಿ, ಕಾಕಾ?" ಕುಲದ ಕವಲಿನ ಹೆಸರೇ ಸಿಕ್ಕಿತೆಂಬ ಉತ್ಸಾಹದಲ್ಲಿ ಅವಳು ಉತ್ತರಕ್ಕೂ ಕಾಯದೆ ತನ್ನ ಹಾಳೆಯ ನೆತ್ತಿಯ ಮೇಲೆ ಬರೆದುಕೊಂಡಳು: 'ಬೆಡಗು: ತೊಗಲ ಮರಿ.'

ಕೇದಾರಿ ನೆಲ ನೋಡಿದ. ಮಾಲಿಂಗನ ಕೈಯ ಬಸಿ ಮೆಲ್ಲಗೆ ಕೆಳಗಿಳಿಯಿತು. ಅವನಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಮರಿ ಸತ್ತ ಕುರಿ ಬೇರೆ ಮರಿಯನ್ನು ಮೊಲೆಗೆ ಬಿಟ್ಟುಕೊಳ್ಳುವುದಿಲ್ಲ, ಒದೆಯುತ್ತದೆ. ಆಗ ಸತ್ತ ಮರಿಯ ತೊಗಲನ್ನು ತಬ್ಬಲಿ ಮರಿಯ ಬೆನ್ನಿಗೆ ಹೊದಿಸಿ ಬಿಡಬೇಕು. ತಾಯಿ ಮೂಸುತ್ತದೆ, ತನ್ನದೇ ಮರಿಯ ವಾಸನೆ ಸಿಗುತ್ತದೆ, ಹಾಲು ಬಿಡುತ್ತದೆ. ಕಳೆದ ತಿಂಗಳಷ್ಟೇ ಹಟ್ಟಿಯಲ್ಲಿ ಅವನು ಇದೇ ಕೆಲಸ ಮಾಡಿದ್ದ.

"ಯಾರರೆ ಮಾತಾಡ್ರಿ," ವಿದ್ಯಾ ಗಾಬರಿಯಾದಳು.

ಶೆಟ್ಟೆವ್ವ ಮಗನ ಕಡೆ ನೋಡದೆ, ಮೊರದಲ್ಲಿದ್ದ ಶೇಂಗಾಕ್ಕೆ ಹೇಳುವಂತೆ ಹೇಳಿದಳು: "ನನ್ನ ಕೂಸನ್ನ ಮಣ್ಣ ಮಾಡಿ ಆರು ದಿನ ಆಗಿತ್ತು. ಎದಿಯಾಗಿನ ಹಾಲು ಬತ್ತಿರಲಿಲ್ಲ. ನಿಮ್ಮಜ್ಜ ಕುರಿ ಹೊಡಕೊಂಡು ಹೋಗಿದ್ದ. ಮೂಡಲಗಿ ಹಾದ್ಯಾಗ, ಬೇವಿನ ಗಿಡದ ಬುಡಕ, ಒಬ್ಬಾಕಿ ಅದ ಬ್ಯಾನ್ಯಾಗ ಸತ್ತು ಬಿದ್ದಿದ್ಳಂತ. ಬಾಜೂಕ ಕೂಸು ಅಳಾಕತ್ತಿತ್ತಂತ. ಎತ್ಕೊಂಡು ಬಂದ. ಸತ್ತ ಕೂಸಿನ ತಲಿ-ಬೆನ್ನ ಮುಚ್ಚೂ ಕುಂಚಿಗಿ ಪೆಟ್ಟಿಗ್ಯಾಗಿಂದ ತಗದು, ಇದಕ್ಕ ಹಾಕಿ, ನನ್ನ ಉಡ್ಯಾಗ ಇಟ್ಟ. ಹೆಸರೂ ಅದನ್ನ ಇಟ್ಟ."

"ಯಾರ ಕೂಸು ಅಂತ ನೀ ಕೇಳಲಿಲ್ಲೇನ, ಆಯಿ?"

"ಹಸದ ಕೂಸಿಗೆ ಏನ ಕೇಳೂದು? ಕುಡಿಸಿದೆ."

ವಿದ್ಯಾಳ ಪೆನ್ಸಿಲು, ಅಜ್ಜನ ಹೆಸರಿನಿಂದ ಅಪ್ಪನ ಹೆಸರಿಗೆ ಎಳೆಯಬೇಕಿದ್ದ ಗೆರೆಯ ನಡುವೆ ನಿಂತಿತ್ತು. ಶೆಟ್ಟೆವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಾ ಸತ್ತ ಮ್ಯಾಲ ತಿಳೀಲಿ ಅಂತಿದ್ನಿ, ಮಾಲಿಂಗಾ. ತಿಳದ ಮ್ಯಾಲ ನೀ ನನಗ ಅವ್ವಾ ಅಂತಿಯೋ ಇಲ್ಲೋ... ಅದನ್ನ ಕೇಳಾಕ ನಾ ಇರಬಾರದಾಗಿತ್ತು."

ಮಾಲಿಂಗ ಎದ್ದ. ಬಾಗಿಲ ಕಡೆ ನಡೆದ. ಹೊಸ್ತಿಲ ಆಚೆ ಅವನ ಚಪ್ಪಲಿಗಳಿದ್ದವು, ಅದರಾಚೆ ಹಟ್ಟಿ, ಅದರಾಚೆ ದಾರಿ. ವಿದ್ಯಾಳಿಗೆ ಗೊತ್ತಿತ್ತು: ಅಪ್ಪ ಸಿಟ್ಟು ಬಂದಾಗಲೂ ದುಃಖವಾದಾಗಲೂ ಕುರಿಗಳ ಬಳಿಗೇ ಹೋಗುವವನು. ಕೆಲವೊಮ್ಮೆ ಎರಡು ದಿನ ಮನೆಗೆ ಬಂದವನಲ್ಲ.

ಹೊಸ್ತಿಲ ಬಳಿ, ತಾಯಿಯ ಮುಂದೆ, ಅವನು ಕುಳಿತ. ಶೇಂಗಾದ ಮೊರವನ್ನು ಬದಿಗೆ ಸರಿಸಿದ. ತಲೆಯ ರುಮಾಲು ತೆಗೆದಿಟ್ಟು, ನರೆತ ತಲೆಯನ್ನು ತಾಯಿಯ ಮಡಿಲಿಗೆ ಬಗ್ಗಿಸಿದ.

"ಮೂಸಿ ನೋಡ ಬೇ," ಅಂದ. "ನಿಂದ ಹೌದೋ ಅಲ್ಲೋ?"

ಶೆಟ್ಟೆವ್ವ ಎರಡೂ ಕೈಗಳಲ್ಲಿ ಆ ತಲೆಯನ್ನು ಹಿಡಿದು, ನೆತ್ತಿಗೆ ಮೂಗಿಟ್ಟು, ಬಹಳ ಹೊತ್ತು ಉಸಿರೆಳೆದಳು. ಮುಖವೆತ್ತಿದಾಗ ಅವಳ ಕಣ್ಣುಗಳು ತುಂಬಿದ್ದವು.

"ಜಳಕಾ ಮಾಡಿ ಎಷ್ಟ ದಿನಾ ಆತೋ," ಅವಳು ಗದರಿದಳು, "ನನ್ನ ಮಗನ!"