ಎರಡಾದ ಮೇಲೆ ನಾಲ್ಕು

ಗುಬ್ಬಿ ಗೇಟ್ ಹತ್ತಿರದ ಗ್ಯಾರೇಜಿನ ಏರು ಹತ್ತುವಾಗ ಕಾರು ಗಡಗಡ ನಡುಗಿ ನಿಂತೇಬಿಟ್ಟಿತು. ಡ್ರೈವಿಂಗ್ ಸ್ಕೂಲಿನ ಜುಂಜಪ್ಪ ತನ್ನ ಕಡೆಯ ಬ್ರೇಕ್ ತುಳಿದು, ಸ್ಟಿಯರಿಂಗ್ ಹಿಡಿದಿದ್ದ ಹೇಮಶ್ರೀಯ ಕಡೆ ತಿರುಗಿದ.

"ನೋಡ್ದಾ? ನಾಳೆ ಟೆಸ್ಟಲ್ಲೂ ಹಿಂಗೇ ಮಾಡ್ತೀಯ. ಎರಡು ಸಲ ಫೇಲಾದ್ರೂ ನಿಂಗೆ ಕ್ಲಚ್ ಮೇಲೆ ಕಾಲು ಕೂರ್ಲಿಲ್ಲ ಕಣಮ್ಮಾ."

ಎರಡು ಸಲವೂ ಟೆಸ್ಟಿನ ಏರಿನಲ್ಲಿ ಕಾರು ಹೀಗೆಯೇ ನಿಂತಿತ್ತು. ಶೆಟ್ಟಿಹಳ್ಳಿಯ ಡಾಕ್ಟರ್ ಸರ್ವಮಂಗಳಮ್ಮ ತಮ್ಮ ಕಾರಿಗೆ ಹೆಣ್ಣು ಡ್ರೈವರೇ ಬೇಕೆಂದು ಎರಡು ತಿಂಗಳಿಂದ ಹೇಮಶ್ರೀಗಾಗಿ ಕಾದಿದ್ದರು. ನಾಳೆಯೂ ಲೈಸೆನ್ಸ್ ಆಗದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುವುದಾಗಿ ಹೇಳಿ ಕಳಿಸಿದ್ದರು.

ಮೆಕ್ಯಾನಿಕ್ ಕನಕರಾಜು ಕೈ ಒರೆಸಿಕೊಳ್ಳುತ್ತಾ ಕಿಟಕಿಗೆ ಬಂದ. "ಯಾವ ಗೇರಲ್ಲಿ ಹತ್ತುಸ್ದೆ?"

"ಎರಡ್ರಲ್ಲಿ ಬಂದು ನಾಲ್ಕಕ್ಕೆ ಹಾಕ್ದೆ."

"ಮೂರು?"

"ಮೂರು ಘಾಟ್‌ಗಲ್ವಾ? ಸಾರೇ ಹೇಳ್ಕೊಟ್ರಲ್ಲ, ತುಮಕೂರಲ್ಲೆಲ್ಲಿದೆ ಘಾಟು?" ಮೇಷ್ಟ್ರ ಮುಂದೆ ಪಾಠ ಒಪ್ಪಿಸುವಂತೆ ಹೇಳಿದಳು.

ಕನಕರಾಜು ಜುಂಜಪ್ಪನ ಮುಖ ನೋಡಿದ. ಜುಂಜಪ್ಪನಿಗೆ ಆಗಲೇ ರಸ್ತೆಯ ಆಚೆಬದಿಯಲ್ಲಿ ಏನೋ ಕಂಡಿತು. ಕನಕರಾಜು ಅವಳನ್ನು ಇಳಿಸಿ ತಾನೇ ಕೂತು ಗೇರನ್ನು ಮೂರಕ್ಕೆ ತಳ್ಳಿದ. ಕರ್ರೆಂದು ಅದು ಜಾರಿ ಹೊರಕ್ಕೆ ಬಂತು. ಮತ್ತೆ ತಳ್ಳಿದ, ಮತ್ತೆ ಬಂತು. ಗೇರಿನ ಗುಂಡಿನ ಮೇಲಿನ ಅಂಕಿಗಳು ಕಲಿಯುವವರ ಕೈಯಲ್ಲಿ ಸವೆದು ಅಳಿಸಿಹೋಗಿದ್ದವು. ಕಿಲೋಮೀಟರ್ ಮೀಟರು ಎರಡು ಸಲ ಪೂರ್ತಿ ಸುತ್ತಿ ಸೊನ್ನೆಗೆ ಬಂದು ಈಗ ಮೂರನೇ ಸುತ್ತಿನಲ್ಲಿತ್ತು.

"ಎಷ್ಟು ದಿನದಿಂದ ಹಿಂಗೈತೆ?"

"ಎರಡು ವರ್ಷ ಆಗಿರ್ಬೋದು," ಎಂದ ಜುಂಜಪ್ಪ. "ಈ ಬ್ಯಾಚ್ ಮುಗೀಲಿ, ಈ ಬ್ಯಾಚ್ ಮುಗೀಲಿ ಅಂತ ಹಂಗೇ ಹೋಯ್ತು. ಗೇರ್‌ಬಾಕ್ಸ್ ಬಿಚ್ಚುಸ್ಲಾ, ಇಲ್ಲಾ ಗಾಡೀನೇ ತೆಗೆದು ಬೇರೆ ತಗಳ್ಳಾ ಅಂತ ಕೇಳಕ್ಕೇ ಇವತ್ತು ಬಂದಿದ್ದು ಕಣಪ್ಪ."

"ಎರಡು ವರ್ಷದಿಂದ ಕಲ್ತೋರೆಲ್ಲ ಎರಡಾದ ಮೇಲೆ ನಾಲ್ಕು ಹಾಕ್ಕಂಡು ತಿರುಗ್ತಾವ್ರಾ?"

"ತಿರುಗ್ತಾವ್ರೆ. ಯಾರೂ ಸತ್ತಿಲ್ವಲ್ಲ."

ಕನಕರಾಜು ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಿಸಾಕಿದ. ಸರ್ವಿಸ್ ಮುಗಿದು ನಿಂತಿದ್ದ ಯಾರದೋ ಕಾರಿಗೆ ಹೇಮಶ್ರೀಯನ್ನು ಕೂರಿಸಿ, ತಾನು ಪಕ್ಕದಲ್ಲಿ ಕೂತು, ಅದೇ ಏರನ್ನು ಕೆಳಗಿನಿಂದ ಹತ್ತಿಸಿದ. "ಎರಡು. ಹಾಂ, ಈಗ ಮೂರಕ್ಕೆ ಹಾಕು. ಹೆದರಬೇಡ, ಕಚ್ಚಲ್ಲ." ಕಾರು ಅದನ್ನು ಏರೆಂದೇ ಲೆಕ್ಕಕ್ಕೆ ಇಟ್ಟುಕೊಳ್ಳದೆ ಹತ್ತಿಹೋಯಿತು.

ಇಳಿದು ಬಂದ ಹೇಮಶ್ರೀ ನೇರ ಜುಂಜಪ್ಪನ ಮುಂದೆ ನಿಂತಳು. "ಹಂಗಾದ್ರೆ ನನ್ ಕಾಲು ಸರಿಯಾಗೇ ಇದೆ," ಎಂದಳು.

"ಗೇರ್‌ಬಾಕ್ಸ್ ಈಗ್ಲೇ ಇಳಿಸ್ತೀನಿ," ಎಂದು ಕನಕರಾಜು ಹಳೆಯ ಕಾರಿನ ಕೀ ಕಿತ್ತು ಜೇಬಿಗೆ ಹಾಕಿಕೊಂಡ. "ನಾಲ್ಕು ದಿನ ಬೇಕು. ಆಗಲ್ಲ ಅಂದ್ರೆ ಗುಜರಿಗೆ ಹಾಕು. ಎರಡ್ರಲ್ಲಿ ಒಂದಾಗೋವರ್ಗೂ ಈ ಗಾಡಿ ಇಲ್ಲಿಂದ ಅಲ್ಲಾಡಲ್ಲ."

"ಬೇಡಣ್ಣ," ಎಂದಳು ಹೇಮಶ್ರೀ. "ನಾಳೆ ಟೆಸ್ಟಿಗೆ ನಂಗೆ ಇದೇ ಕಾರು ಬೇಕು. ಸ್ಕೂಲಲ್ಲಿ ಇರೋದು ಇದೊಂದೇ."

"ಹಿಂಗೇನಾ?"

"ಹಿಂಗೇ. ಏರಲ್ಲಿ ನಾಲ್ಕಕ್ಕೆ ಹಾಕಲ್ಲ, ಎರಡ್ರಲ್ಲೇ ಹತ್ತುಸ್ತೀನಿ. ಈಗ ಗೊತ್ತಾಯ್ತಲ್ಲ."

"ನಿಂದು ಆಗುತ್ತೆ ಬುಡು. ನಿನ್ ಹಿಂದೆ ಕಲಿಯಕ್ಕೆ ಬರೋರು?"

ಅವಳು ಕೀಗೆಂದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಜುಂಜಪ್ಪನಿಗೆ ಜೀವ ಬಂತು. "ನೋಡ್ಲಾ, ಹುಡುಗಿಗೆ ಇರೋ ಬುದ್ಧಿ ನಿಂಗಿಲ್ಲ. ನಾಳೆ ಟೆಸ್ಟ್ ಮುಗೀಲಿ, ಬಿಚ್ಚೋದೂ ಬೇಡ, ಗುಜರೀನೂ ಬೇಡ. ಕುಣಿಗಲ್ಲಲ್ಲಿ ನಮ್ ಅಂಜನಪ್ಪ ಹೊಸ್ದಾಗಿ ಸ್ಕೂಲ್ ತೆಗೀತಾವ್ನೆ, ಬೋರ್ಡ್ ಸಮೇತ ಗಾಡಿ ಕೊಡು ಅಂತ ಕೇಳಿದ್ದ. ಅವ್ನಿಗೆ ಕೊಟ್ಟು ನಾನು ಹೊಸ್ದು ತಗತೀನಿ."

"ಮೂರಿಲ್ಲ ಅಂತ ಹೇಳಿ ಕೊಡ್ತೀಯಾ?"

"ಕೇಳಿದ್ರೆ ಹೇಳ್ತೀನಪ್ಪ. ಅವನೂ ಮೂರು ಇರೋದು ಘಾಟ್‌ಗೆ ಅಂದ್ರಾಯ್ತು. ಕಲಿಯಕ್ಕೆ ಬರೋರ್ಗೆ ಏನ್ ಗೊತ್ತಾಗುತ್ತೆ?"

ಕನಕರಾಜು ಕೀಯನ್ನು ಹೇಮಶ್ರೀಯ ಅಂಗೈಗೆ ಹಾಕಿ, ಅವಳ ಮುಖ ನೋಡದೆ ಒಳಗೆ ಹೋದ.

ಅವಳು ಹಳೆಯ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು. ಕೀ ತೂರಿಸಲಿಲ್ಲ. ಮುಂದಕ್ಕೆ ಬಗ್ಗಿ, ಕಲಿಯುವವರ ಕಣ್ಣು ಮೊದಲು ಬೀಳುವ ಕಡೆ, ಸ್ಟಿಯರಿಂಗ್ ಹಿಂದಿನ ಡ್ಯಾಶ್‌ಬೋರ್ಡಿನ ಮೇಲೆ ಕೀಯ ಮೊನೆ ಊರಿ ಗೀಚತೊಡಗಿದಳು. 'ಮೂರು' ಎಂದಾಯಿತು. ಪಕ್ಕದಲ್ಲಿ 'ಇ' ಎನ್ನುವಷ್ಟರಲ್ಲಿ ಜುಂಜಪ್ಪ ಕಿಟಕಿಗೆ ಓಡಿ ಬಂದ.

"ಏಯ್! ಮಾರೋ ಗಾಡಿ ಕಣೇ! ಹುಚ್ಚಿ, ನಾಳೆ ಇನ್‌ಸ್ಪೆಕ್ಟ್ರು ನಿನ್ ಪಕ್ಕದಲ್ಲೇ ಕೂತ್ಕತಾರೆ, ಓದ್ತಾರೆ! ಗೇರಿಲ್ದಿದ್ ಗಾಡಿ ತಂದವ್ಳೆ ಅಂತ ಇಳಿಸಿ ಕಳುಸ್ತಾರೆ, ನಿನ್ ಕೆಲ್ಸ ನೀನೇ ಕಳ್ಕಂತೀಯ!"

ಹೇಮಶ್ರೀಯ ಕೈ ಒಂದು ಕ್ಷಣ ನಿಂತಿತು. ಆಮೇಲೆ 'ಲ್ಲ' ಬರೆದಳು. ಅದರ ಒತ್ತು ಸರಿಯಾಗಿ ಮೂಡಿರಲಿಲ್ಲವೆಂದು ಇನ್ನೊಂದು ಸಲ ಆಳವಾಗಿ ತಿದ್ದಿದಳು.