ಗೇಟಿನಾಚೆಯ ಕಡ್ಲೆಪುರಿ

ಆಯುಧಪೂಜೆಗೆ ಹೊಲಿಗೆ ಮಿಷನ್ ಒರೆಸಿ ಎಣ್ಣೆ ಬಿಡುವಾಗ, ಆ ವಾಸನೆಗೆ ಈಗಲೂ ನನ್ನ ತಲೆ ತಗ್ಗುತ್ತದೆ.

ಆಗ ನನಗೆ ಒಂಬತ್ತು ವರ್ಷ. ಅಪ್ಪ ಅಮ್ಮ ಬೇರೆಯಾಗಿ, ಅಮ್ಮನೂ ನಾನೂ ಬಾಗಲಗುಂಟೆಯ ಅಜ್ಜಿ ಮನೆಯಲ್ಲಿದ್ದೆವು. ಪೀಣ್ಯದಲ್ಲಿ ಲೇತ್ ಕೆಲಸಕ್ಕಿದ್ದ ಅಪ್ಪ, ಕೋರ್ಟು ಹೇಳಿದ ಜೀವನಾಂಶವನ್ನು ಎರಡು ತಿಂಗಳಿಂದ ಕೊಟ್ಟಿರಲಿಲ್ಲ. ಅದಕ್ಕೇ ನನ್ನನ್ನು ನೋಡಲು ಅಜ್ಜಿ ಅವರನ್ನು ಬಿಟ್ಟಿರಲಿಲ್ಲ.

ಆಯುಧಪೂಜೆಯ ಮಧ್ಯಾಹ್ನ ಅಪ್ಪ ಗೇಟಿನ ಹೊರಗೆ ಬಂದು ನಿಂತರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಫ್ಯಾಕ್ಟರಿಯಲ್ಲಿ ಹಂಚಿದ ಕಡ್ಲೆಪುರಿ ಪೊಟ್ಟಣ. ನಾನು ಅಂಗಳದಲ್ಲಿ ಗೆಳತಿಯರ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದೆ.

"ದುಡ್ಡು ತಂದವ್ನಾ ಕೇಳೇ," ಎಂದು ಅಜ್ಜಿ ಒಳಗಿಂದಲೇ ಕೂಗಿದರು.

"ಓವರ್‌ಟೈಮ್ ನಿಲ್ಲಿಸ್ಬಿಟ್ಟವ್ರೆ ಕಂದ. ಮುಂದಿನ ತಿಂಗಳು ಪೂರ್ತಿ ಕೊಡ್ತೀನಿ ಅಂತ ಹೇಳು," ಎಂದರು ಅಪ್ಪ. "ಹಬ್ಬ ಅಲ್ವಾ, ಒಂದ್ಸಲ ನಿನ್ನ ನೋಡಣ ಅಂತ ಬಂದೆ."

ಗೆಳತಿಯೊಬ್ಬಳು ಕಿಸಕ್ಕನೆ ನಕ್ಕಳು. ನಾಚಿಕೆಗೆ ನನ್ನ ಮುಖ ಬಿಸಿಯಾಯಿತು. ದಿನಾ ಅಜ್ಜಿಯ ಬಾಯಲ್ಲಿ ಕೇಳಿದ್ದನ್ನೇ ಅಂದುಬಿಟ್ಟೆ: "ದುಡ್ಡಿಲ್ದೆ ಇದ್ರೆ ಬರಬೇಡಪ್ಪ."

ಅಪ್ಪ ಪೊಟ್ಟಣವನ್ನು ಗೇಟಿನ ಸರಳುಗಳ ನಡುವೆ ತೂರಿಸಿ ಕೊಟ್ಟು, "ಆಯ್ತು ಕಂದ," ಎಂದು ಹೊರಟುಹೋದರು.

ಪುರಿಗೂ ಅವರ ಕೈಯ ಮಿಷನ್ ಎಣ್ಣೆಯ ವಾಸನೆ ಹತ್ತಿತ್ತು. ಅಜ್ಜಿ ಚೆಲ್ಲು ಎಂದರೂ ನಾನು ಒಂದು ಕಾಳೂ ಬಿಡದೆ ತಿಂದೆ. ಅಷ್ಟು ಬುದ್ಧಿಯನ್ನಾದರೂ ದೇವರು ಕೊಟ್ಟಿದ್ದ.

ಮುಂದಿನ ತಿಂಗಳಿಂದ ಅಮ್ಮನ ಬ್ಯಾಂಕ್ ಖಾತೆಗೆ ದುಡ್ಡು ಒಂದು ಸಲವೂ ತಪ್ಪದೆ ಬಂತು. ಅಪ್ಪ ಬರಲಿಲ್ಲ.