ಕೈತಪ್ಪಿದ ಕ್ಯಾಚ್

ಕಾರ್ಖಾನೆಯವರ ಬೇಸ್‌ಬಾಲ್ ಪಂದ್ಯದಲ್ಲಿ ಮ್ಯಾನೇಜರ್ ಸಾಹೇಬರು ಎತ್ತಿ ಹೊಡೆದ ಚೆಂಡು ನೇರವಾಗಿ ಎದುರು ತಂಡದಲ್ಲಿದ್ದ ಕಾರ್ಮಿಕ ಚನ್ನವೀರನ ಕೈಗವಸಿಗೆ ಬಂದು, ಅಲ್ಲಿಂದ ನೆಲಕ್ಕೆ ಬಿತ್ತು. ಸಾಹೇಬರು ಏದುಸಿರು ಬಿಡುತ್ತ ಮೊದಲ ಬೇಸ್ ಮುಟ್ಟಿದರು. ಸ್ಕೋರರ್ ವನಜಾಕ್ಷಿ ಅದನ್ನು ಸಾಹೇಬರ ‘ಹಿಟ್’ ಎಂದು ಲೆಕ್ಕಕ್ಕೆ ಹಿಡಿಯದೆ ‘ಫೀಲ್ಡರ್ ತಪ್ಪು’ ಎಂದು ಬರೆದಳು.

ಆಟ ಮುಗಿದದ್ದೇ ತಡ, ಸಾಹೇಬರು ಬಂದು ಗುಡುಗಿದರು. “ಅದು ನನ್ನ ಹಿಟ್ ಕಣಮ್ಮಾ!”

“ಸುಲಭದ ಕ್ಯಾಚ್ ಬಿಟ್ಟರೆ ಹಿಟ್ ಕೊಡೋ ಹಾಗಿಲ್ಲ ಸರ್. ಅದನ್ನ ನಮ್ಮಜ್ಜಿನೂ ಹಿಡೀತಿದ್ರು.”

ಸಾಹೇಬರು ಮುಖ ಕೆಂಪಗೆ ಮಾಡಿಕೊಂಡು ಹೋದರು. ಅವರ ಬೆನ್ನಿಗೇ ಚನ್ನವೀರ ಓಡಿಬಂದ. “ಮೇಡಂ, ದಯವಿಟ್ಟು ಅದನ್ನ ಹಿಟ್ ಅಂತಲೇ ಬರೀರಿ.”

ವನಜಾಕ್ಷಿಗೆ ರೇಗಿತು. “ನಾಚಿಕೆ ಆಗಲ್ವೇನ್ರೀ? ಕೈಗೆ ಬಂದದ್ದನ್ನ ಬಿಟ್ಟಿದ್ದೀರಿ, ತಪ್ಪು ಒಪ್ಕೊಳ್ಳಿ.”

“ತಪ್ಪಿ ಬಿದ್ದಿದ್ರೆ ಒಪ್ಕೊಳ್ತಿದ್ದೆ ಮೇಡಂ. ಮುಂದಿನ ವಾರ ನನ್ನ ಮದುವೆ, ರಜೆಗೆ ಸಾಹೇಬ್ರು ಇನ್ನೂ ಸಹಿ ಹಾಕಿಲ್ಲ!”